ಒಂಬತ್ತು ನಿಮಿಷದ ಬೈಗುಳ

ನಮ್ಮ ಅತ್ತೆಯ ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿ ಎಷ್ಟೋ ವರ್ಷಗಳಾದವು. ಸೋಪು, ಕಲ್ಲು, ನಿಂಬೆಸಿಪ್ಪೆ, ಯಾವುದಕ್ಕೂ ಬಗ್ಗದ ಬಣ್ಣ ಅದು. ಮೂವತ್ತೆಂಟು ವರ್ಷ ಫೋಟೊ ತೊಳೆದ ಕೈಗಳು ಅವು. ಆದರೆ ಫೋಟೊ ಚೆನ್ನಾಗಿ ಬಂದಾಗ ಗಿರಾಕಿಗಳು ಕೈ ಕುಲುಕುವುದು ನಮ್ಮ ಮಾವನಿಗೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಮಾವ ಮಾಡುವುದು ಇಷ್ಟೇ: "ಸ್ವಲ್ಪ ನಗಿ" ಅನ್ನುವುದು, ಗುಂಡಿ ಒತ್ತುವುದು. ಆ ನಗುವನ್ನು ಕತ್ತಲಲ್ಲಿ ನಿಂತು ಹೊರಗೆ ತೆಗೆಯುವವರು ಅತ್ತೆ.

ನಮ್ಮ ಸ್ಟುಡಿಯೋ ಉದ್ದಕ್ಕಿದೆ, ಅಗಲಕ್ಕಿಲ್ಲ. ಮುಂದೆ ಗಾಜಿನ ಕೌಂಟರು, ಗಿರಾಕಿಗಳಿಗೆ ಒಂದು ಬೆಂಚು. ನಡುವೆ ಫೋಟೊ ತೆಗೆಯುವ ಜಾಗ. ಅಲ್ಲಿ ಗೋಡೆಗೆ ಇಳಿಬಿಟ್ಟ ಪರದೆಯ ಮೇಲೆ ಒಂದು ಸರೋವರ, ಸರೋವರದಲ್ಲಿ ಒಂದು ಹಂಸ. ಬರೆದವನು ಹಂಸ ನೋಡಿರಲಿಲ್ಲವೋ ಏನೋ, ಅದು ಹಲ್ಲುನೋವು ಬಂದ ಬಾತುಕೋಳಿಯ ಹಾಗಿದೆ. ಊರಿನ ಅರ್ಧ ಜನ ಆ ಬಾತುಕೋಳಿಯ ಮುಂದೆ ನಿಂತು ಮದುವೆ ಫೋಟೊ ತೆಗೆಸಿಕೊಂಡಿದ್ದಾರೆ. ತೀರ ಹಿಂದೆ, ಮೊದಲು ಬಚ್ಚಲಾಗಿದ್ದ ಪುಟ್ಟ ಕೋಣೆಯಲ್ಲಿ, ಡಾರ್ಕ್‌ರೂಮ್. ಮನೆ ಮೇಲಿನ ಮಹಡಿಯಲ್ಲಿ.

ಅತ್ತೆ ಮದುವೆಯಾಗಿ ಬಂದಾಗ ಅವರಿಗೆ ಇಪ್ಪತ್ತು ವರ್ಷ. ಕತ್ತಲೆಂದರೆ ಸಾಯುವಷ್ಟು ಭಯ. ತವರಿನಲ್ಲಿ ದೀಪ ಆರಿಸಿದರೆ ತಂಗಿಯರನ್ನು ಎಬ್ಬಿಸಿ ಕೂರಿಸುತ್ತಿದ್ದವರು. ಬಂದ ತಿಂಗಳಲ್ಲೇ ಮಾವನ ಕೈಕೆಳಗೆ ಫೋಟೊ ತೊಳೆಯುತ್ತಿದ್ದವನು ಬೇರೆ ಕೆಲಸ ಹುಡುಕಿಕೊಂಡು ಹೋದ. ಮಾವ ಡಾರ್ಕ್‌ರೂಮ್ ಹೊಕ್ಕರೆ ಮುಂದೆ ಗಿರಾಕಿಗಳು ಕಾದು ಕಾದು ಎದ್ದು ಹೋಗುತ್ತಿದ್ದರು. "ಸ್ವಲ್ಪ ಒಳಗೆ ಕೈ ಹಾಕ್ತೀಯಾ?" ಎಂದು ಹೆಂಡತಿಯನ್ನು ಕೇಳಿದರು. ಹೊಸ ಗಂಡನ ಎದುರು ಕತ್ತಲಿಗೆ ಹೆದರುತ್ತೇನೆ ಅನ್ನಲು ಅತ್ತೆಗೆ ಮರ್ಯಾದೆ ಅಡ್ಡ ಬಂತು. "ಅದೇನು ಮಹಾ" ಅಂದು ಒಳಗೆ ಹೋದರು.

ಆಗಿನ ಕೆಲಸ ಈಗಿನವರಿಗೆ ಗೊತ್ತಿರುವುದಿಲ್ಲ. ರೀಲನ್ನು ಬಿಚ್ಚಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು, ತಟ್ಟೆಯಲ್ಲಿರುವ ಡೆವಲಪರ್ ದ್ರಾವಣದಲ್ಲಿ ಅದ್ದುತ್ತ ಒಂದು ಕೈ ಮೇಲೆ ಒಂದು ಕೈ ಕೆಳಗೆ ಆಡಿಸುತ್ತಲೇ ಇರಬೇಕು. ಪೂರ್ತಿ ಕತ್ತಲು. ಕೆಂಪು ಬಲ್ಬು ಕೂಡ ಇಲ್ಲ, ಅದು ಆಮೇಲೆ ಕಾಗದದ ಮೇಲೆ ಪ್ರಿಂಟ್ ಹಾಕುವಾಗ ಮಾತ್ರ. ಬೇಗ ಎತ್ತಿದರೆ ನೆಗೆಟಿವ್ ಪೇಲವ, ತಡವಾದರೆ ಕಪ್ಪು. ಸರಿಯಾದ ಹೊತ್ತಿಗೆ ಎತ್ತಿ ನೀರಿನಲ್ಲಿ ಅದ್ದಿ, ಚಿತ್ರವನ್ನು ಗಟ್ಟಿಮಾಡುವ ಹೈಪೋ ದ್ರಾವಣಕ್ಕೆ ಬಿಟ್ಟರೆ ಮುಗಿಯಿತು, ಆಮೇಲೆ ದೀಪ ಹಾಕಬಹುದು. ಆ ಹೊತ್ತು ಮುಗಿಯುವ ತನಕ ಕತ್ತಲಲ್ಲಿ ಒಂಟಿ.

ಭಯ ಮರೆಯಲು ಅತ್ತೆ ಜೋರಾಗಿ ಮಾತಾಡತೊಡಗಿದರು. ಮೊದಲ ತಿಂಗಳು ತವರಿನ ಸುದ್ದಿ ಮಾತಾಡಿದರಂತೆ. ಎರಡನೇ ತಿಂಗಳಿಗೆ ಅದು ಖಾಲಿಯಾಯಿತು. ಅಷ್ಟರಲ್ಲಿ ಗಂಡನ ಪರಿಚಯ ಚೆನ್ನಾಗಿ ಆಗಿದ್ದರಿಂದ ಮಾತಿಗೆ ವಿಷಯ ಸಿಕ್ಕಿತು. ಮೂವತ್ತೆಂಟು ವರ್ಷ ಅದು ಮುಗಿಯಲಿಲ್ಲ. ಭಯ ಎಂದೋ ಹೋಯಿತು, ಬೈಗುಳ ಉಳಿಯಿತು.

ನಾನು ಈ ಮನೆಗೆ ಸೊಸೆಯಾಗಿ ಬಂದು ಕೌಂಟರಿನಲ್ಲಿ ಕೂತ ಮೊದಲ ದಿನವೇ ಅದು ನನ್ನ ಕಿವಿಗೆ ಬಿತ್ತು. ಯಾರೋ ಜಗಳವಾಡುತ್ತಿದ್ದಾರೆ ಅಂದುಕೊಂಡು ಎದ್ದೆ. ಡಾರ್ಕ್‌ರೂಮಿನ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಮಾವ ಪೇಪರ್ ಓದುತ್ತ ಕೂತಿದ್ದರು. ಒಳಗಿಂದ ಅತ್ತೆಯ ದನಿ ಒಂದೇ ಸಮನೆ ಬರುತ್ತಿತ್ತು.

"ತಮ್ಮ ಮದುವೆ ಫೋಟೊ ತಾವೇ ತೆಗೆದ ಭೂಪ ರೀ ನೀವು. ಆಲ್ಬಮ್ ತೆಗೆದು ನೋಡಿದ್ರೆ ಎಲ್ಲಾ ಫೋಟೊದಲ್ಲೂ ನಾನೊಬ್ಳೇ. ನೋಡಿದೋರು ಏನಂತಾರೆ? ಯಾರನ್ನ ಮದುವೆಯಾದ್ಲು, ಹಿಂದಿರೋ ಬಾತುಕೋಳಿನಾ?"

ಮಾವ ಪೇಪರಿನಿಂದ ಕಣ್ಣೆತ್ತದೆ "ಹೂಂ" ಅಂದರು.

ಬೈಗುಳಕ್ಕೆ ಒಂದು ಕ್ರಮವಿತ್ತು. ಮೊದಲು ಮದುವೆ ಫೋಟೊ. ಆಮೇಲೆ ಮಾವನ ನಸ್ಯ, ಅದರಿಂದ ಹಾಳಾದ ಕರವಸ್ತ್ರಗಳು. ಆಮೇಲೆ ಹನ್ನೆರಡು ವರ್ಷದಿಂದ ಸೋರುತ್ತಿರುವ ಅಡುಗೆಮನೆ ನಲ್ಲಿ. ಹಿತ್ತಲಲ್ಲಿ ತುಕ್ಕು ಹಿಡಿದು ನಿಂತ ಸ್ಕೂಟರ್. ಹಾಸಿಗೆಯ ಮೇಲೆ ಬಿಸಾಡುವ ಒದ್ದೆ ಟವೆಲ್. ಕೊನೆಗೆ ಮಾವನ ಅಕ್ಕ, ಅವರು ಒಯ್ದು ಹಿಂದೆ ಕೊಡದ ಅತ್ತೆಯ ಸೂಟ್‌ಕೇಸ್. ಮುಕ್ತಾಯ ಯಾವಾಗಲೂ ಒಂದೇ: "ನಾನಾಗಿದ್ದಕ್ಕೆ ಆಯ್ತು, ಬೇರೆಯೋರಾಗಿದ್ರೆ ಎಂದೋ ಸೂಟ್‌ಕೇಸ್ ಎತ್ಕೊಂಡು ಹೊರಟುಹೋಗಿರೋರು. ಆದ್ರೆ ಸೂಟ್‌ಕೇಸ್ ಎಲ್ಲಿದೆ? ನಿಮ್ಮಕ್ಕನ ಮನೇಲಿದೆ." ಇದಾದ ತಕ್ಷಣ ರೀಲು ನೀರಿಗೆ ಇಳಿಯುವ ಸದ್ದು.

ನನಗೆ ಆಗ ಹೊಸ ಕೈಗಡಿಯಾರ ಬಂದಿತ್ತು, ಕಾರಣವಿಲ್ಲದೆ ನೋಡಿಕೊಳ್ಳುವ ಹುಚ್ಚು. ಹಾಗಾಗಿ ಒಂದು ವಿಷಯ ಗಮನಕ್ಕೆ ಬಂತು. ಬೈಗುಳ ಶುರುವಾಗಿ ಮುಗಿಯಲು ಒಂಬತ್ತು ನಿಮಿಷ. ಸೋಮವಾರವೂ ಒಂಬತ್ತು, ಶುಕ್ರವಾರವೂ ಒಂಬತ್ತು. ಚಳಿ ಬಿದ್ದಾಗ ದ್ರಾವಣ ನಿಧಾನವಾಗುತ್ತದೆ, ಆಗ ನಸ್ಯದ ಭಾಗ ಎರಡು ಸಲ ಬರುತ್ತಿತ್ತು. ಬಿಸಿಲು ಏರಿದಾಗ ದ್ರಾವಣ ಚುರುಕು, ಆಗ ಸ್ಕೂಟರಿಗೆ ರಜ. ಇದನ್ನು ಯಾರೂ ಕೂತು ಲೆಕ್ಕ ಹಾಕಿದ್ದಲ್ಲ, ಅತ್ತೆಗೂ ಗೊತ್ತಿರಲಿಲ್ಲ. ನನಗೆ ಕೆಲಸ ಕಲಿಸಲು ಒಳಗೆ ಕರೆದುಕೊಂಡು ಹೋದಾಗ ಕೇಳಿದೆ.

"ಎಷ್ಟು ಹೊತ್ತು ಆಡಿಸ್ಬೇಕು ಅತ್ತೆ?"

"ಕೈಗೇ ಗೊತ್ತಾಗುತ್ತೆ ಕಣೆ."

"ನನ್ನ ಕೈಗೆ ಗೊತ್ತಾಗ್ತಿಲ್ವಲ್ಲ."

"ನಿನಗೆ ಮದುವೆಯಾಗಿ ಇನ್ನೂ ಮೂರು ತಿಂಗಳು. ಸಮಾಧಾನ, ಬರುತ್ತೆ."

ಎಲ್ಲ ಕೆಟ್ಟದ್ದು ಮಾವ ಒಳ್ಳೆಯವರಾಗಲು ಹೊರಟಾಗ. ಇದಕ್ಕೆ ನಾನೇ ಕಾರಣ ಅಂತ ಹೇಳಲು ನಾಚಿಕೆಯಾಗುತ್ತದೆ. ಹೆಂಡತಿ ಬೈದರೆ ಮಾವನಿಗೆ ಬೇಸರವಿರಲಿಲ್ಲ. ಆದರೆ ಹೊಸ ಸೊಸೆ ಕೌಂಟರಿನಲ್ಲಿ ಕೂತು ದಿನಕ್ಕೆ ನಾಲ್ಕು ಸಲ ತಮ್ಮ ನಸ್ಯದ ಕರವಸ್ತ್ರದ ಕಥೆ ಕೇಳುವುದು ಅವರಿಗೆ ಮುಖ ಎತ್ತಲಾಗದ ಸಂಗತಿಯಾಯಿತು. ಒಂದು ದಿನ ಬಾಯಿ ಬಿಡದೆ ಪ್ಲಂಬರನ್ನು ಕರೆಸಿ ನಲ್ಲಿ ಸರಿಮಾಡಿಸಿದರು. ಮರುವಾರ ಗುಜರಿಯವನು ಬಂದು ಸ್ಕೂಟರನ್ನು ಎಳೆದುಕೊಂಡು ಹೋದ. ನಸ್ಯದ ಡಬ್ಬಿ ಕಸದ ಬುಟ್ಟಿ ಸೇರಿತು. ಟವೆಲ್ ತಂತಿಯ ಮೇಲೆ ನೇತಾಡತೊಡಗಿತು. ಅಕ್ಕನ ಮನೆಗೆ ಖುದ್ದು ಹೋಗಿ, ಒಳಗಿದ್ದ ಹಳೆ ಕಂಬಳಿಗಳ ಸಮೇತ ಸೂಟ್‌ಕೇಸ್ ಹೊತ್ತು ತಂದರು.

ಕೊನೆಗೆ ಒಂದು ಮಧ್ಯಾಹ್ನ ಕೋಟು ಹಾಕಿಕೊಂಡು ಬಂದು ಅತ್ತೆಯನ್ನು ಪರದೆಯ ಮುಂದೆ ನಿಲ್ಲಿಸಿದರು, ಪಕ್ಕದಲ್ಲಿ ತಾವು ನಿಂತರು, ನನ್ನ ಗಂಡನ ಕೈಗೆ ಕ್ಯಾಮೆರಾ ಕೊಟ್ಟರು. ಮೂವತ್ತೆಂಟು ವರ್ಷ ತಡವಾಗಿ ಮದುಮಗ ಫೋಟೊದಲ್ಲಿ ಬಿದ್ದ. ಅತ್ತೆ ಆ ದಿನವಿಡೀ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. "ನೋಡು, ಸೊಸೆ ಬಂದ ಮೇಲೆ ಇವರಿಗೆ ಬುದ್ಧಿ ಬಂತು" ಎಂದು ನನಗೆ ಹೇಳಿದರು. ನನ್ನ ಕಾಲ್ಗುಣಕ್ಕೆ ನಾನೂ ಹೆಮ್ಮೆಪಟ್ಟೆ.

ಆ ಫೋಟೊ ಪೇಲವವಾಗಿ ಬಂತು. ಮಾವನ ಕೋಟು ಬೂದಿಯ ಬಣ್ಣ, ಅತ್ತೆಯ ಮುಖದ ಮೇಲೆ ಯಾರೋ ಮಜ್ಜಿಗೆ ಚೆಲ್ಲಿದ ಹಾಗೆ. ಹಿಂದಿನ ಎರಡು ವಾರದ ರೀಲುಗಳೂ ಹೀಗೇ ಮಂಕು. ಮದುವೆಯ ಗಿರಾಕಿಯೊಬ್ಬರು ಆಲ್ಬಮ್ ತಂದು ಕೌಂಟರಿನ ಮೇಲಿಟ್ಟು, "ನಮ್ಮೋರೆಲ್ಲ ಬದುಕಿದಾರೆ, ನಿಮ್ಮ ಫೋಟೊದಲ್ಲಿ ಯಾಕೆ ದೆವ್ವದ ಥರ ಇದಾರೆ?" ಎಂದು ಕೇಳಿದರು. ನನ್ನ ಗಂಡ ಡೆವಲಪರ್ ಪುಡಿ ಬದಲಿಸಿದ, ನೀರು ಬದಲಿಸಿದ, ತಟ್ಟೆ ಬದಲಿಸಿದ. ಏನೂ ಆಗಲಿಲ್ಲ. ಅವನಿಗೆ ಮೊದಲಿನಿಂದಲೂ ಮೆಷಿನ್ನುಗಳ ಮೇಲೆ ಕಣ್ಣು.

"ಅಮ್ಮಾ, ನಿನಗೂ ವಯಸ್ಸಾಯ್ತು," ಅಂದ ಒಂದು ದಿನ ಊಟದ ಹೊತ್ತಿಗೆ. "ಇನ್ನೊಂದು ರೀಲು ಹೀಗೆ ಬಂದ್ರೆ ಡಾರ್ಕ್‌ರೂಮ್ ಮುಚ್ಚೋಣ. ರೀಲುಗಳನ್ನ ಪಕ್ಕದೂರಿನ ಮೆಷಿನ್ ಲ್ಯಾಬಿಗೆ ಕಳಿಸೋಣ. ಆ ಕೋಣೇಲಿ ಜೆರಾಕ್ಸ್ ಮೆಷಿನ್ ಇಡೋಣ."

ಅತ್ತೆ ಕೈ ತೊಳೆದು ಕೆಳಗೆ ಹೋಗಿ, ಕೆಲಸವಿಲ್ಲದಿದ್ದರೂ ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡು ಕೂತರು. ಒಳಗಿಂದ ಒಂದು ಮಾತೂ ಕೇಳಿಸಲಿಲ್ಲ. ನನಗೆ ಅಳು ಬಂತು. ಜೆರಾಕ್ಸ್ ಮೆಷಿನ್ನಿನ ಮೇಲೆ ಎಂದೂ ಇಲ್ಲದ ದ್ವೇಷ ಹುಟ್ಟಿತು.

ಮರುದಿನ ಅತ್ತೆ ಒಂದು ರೀಲು ತೊಳೆಯುವಾಗ ನಾನು ಕೌಂಟರಿನಲ್ಲಿ ಸುಮ್ಮನೆ ಗಡಿಯಾರ ನೋಡಿಕೊಂಡೆ. ಅತ್ತೆ ಬೈಯುವುದನ್ನು ನಿಲ್ಲಿಸಿರಲಿಲ್ಲ, ಆದರೆ ಬೈಯಲು ಸರಕಿರಲಿಲ್ಲ. ನಸ್ಯಕ್ಕೆ ಬಂದಾಗ "ಅದನ್ನೇನೋ ಬಿಟ್ರಿ ಬಿಡಿ" ಅಂದು ಮುಂದೆ ಹೋದರು. ಸೂಟ್‌ಕೇಸ್ ಇಲ್ಲದೆ "ನಾನಾಗಿದ್ದಕ್ಕೆ ಆಯ್ತು" ಎಂದು ಮೊಟಕಾಗಿ ಮುಗಿಸಿದರು. ರೀಲು ನೀರಿಗೆ ಇಳಿಯಿತು. ಐದು ನಿಮಿಷ. ಒಂಬತ್ತು ನಿಮಿಷ ಆಡಬೇಕಾದ ರೀಲು ಐದಕ್ಕೇ ಎದ್ದಿತ್ತು.

ಇದನ್ನು ಅತ್ತೆಗೆ ಹೇಳುವುದು ಹೇಗೆ? "ಅತ್ತೆ, ನೀವು ಮಾವನನ್ನು ಬೈಯೋದು ಸಾಲ್ತಿಲ್ಲ" ಅಂದ ಸೊಸೆ ಜಗತ್ತಿನಲ್ಲಿ ಇದುವರೆಗೆ ಹುಟ್ಟಿಲ್ಲ. ಗಡಿಯಾರದ ಮಾತೆತ್ತಿದರೆ ಇನ್ನೂ ಕಷ್ಟ. ನನ್ನ ಗಂಡ ಹಿಂದೊಮ್ಮೆ ಗಂಟೆ ಬಾರಿಸುವ ಗಡಿಯಾರ ತಂದುಕೊಟ್ಟಿದ್ದಕ್ಕೆ, "ಅದಕ್ಕೆ ಅಷ್ಟು ಗೊತ್ತಿದ್ರೆ ಅದೇ ತೊಳೀಲಿ" ಎಂದು ವಾಪಸು ಕಳಿಸಿದ್ದರು. ಹಾಗಾಗಿ ಮಾವನಿಗೆ ಹೇಳಿದೆ. ಅವರು ಪೇಪರ್ ಮಡಚಿಟ್ಟು ಬಹಳ ಹೊತ್ತು ತಲೆ ಕೆರೆದುಕೊಂಡರು.

"ಅಂದ್ರೆ ನಾನು ಒಳ್ಳೆಯವನಾಗಿ ಅವಳ ಕೆಲಸ ಕಳೆದೆನಾ?"

"ಹಾಗೇ ಕಾಣುತ್ತೆ ಮಾವ."

"ಸರಿ. ಮತ್ತೆ ಕೆಡ್ತೀನಿ ಹಾಗಾದ್ರೆ. ಅದೇನು ಕಷ್ಟ?"

ಕಷ್ಟವೇ ಆಯಿತು. ಅಂದು ಸಂಜೆ ಒದ್ದೆ ಟವೆಲನ್ನು ಬೇಕೆಂದೇ ಹಾಸಿಗೆಯ ನಡುವೆ ಎಸೆದರು. ಅತ್ತೆ ಅದನ್ನೆತ್ತಿ ತಂತಿಗೆ ಹಾಕಿ, "ಪಾಪ, ಸುಸ್ತಾಗಿರ್ಬೇಕು" ಅಂದರು. ನಸ್ಯ ಏರಿಸಿ ಮನೆಯಿಡೀ ಕೇಳುವ ಹಾಗೆ ಸೀನಿದರು. ಅತ್ತೆ ಶೀತಕ್ಕೆ ಔಷಧಿ ತಂದುಕೊಟ್ಟರು. ಅಕ್ಕನಿಗೆ ಸೂಟ್‌ಕೇಸ್ ವಾಪಸು ಕೊಟ್ಟುಬರಲೇ ಎಂದು ಕೇಳಿದಾಗ, "ಕೊಡಿ ಪಾಪ, ಅವರಿಗೂ ಕಂಬಳಿ ಇಡೋಕೆ ಜಾಗ ಬೇಡ್ವಾ?" ಅಂದುಬಿಟ್ಟರು. ಜೊತೆಯಾಗಿ ನಿಂತು ತೆಗೆಸಿಕೊಂಡ ಆ ಒಂದು ಮಂಕು ಫೋಟೊ ಅತ್ತೆಯನ್ನು ಪೂರ್ತಿ ಹಾಳು ಮಾಡಿತ್ತು. ಮಾವ ನನ್ನ ಬಳಿ ಬಂದು ಕೈಚೆಲ್ಲಿದರು.

ಇಷ್ಟರಲ್ಲಿ ಹೆಡ್‌ಮಿಸ್ ರೀಲು ಬಂತು. ಹೆಡ್‌ಮಿಸ್ ಅಂದರೆ ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ, ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಆ ಮೂವತ್ತು ವರ್ಷದ ಗ್ರೂಪ್ ಫೋಟೊಗಳಲ್ಲಿ ಒಂದರಲ್ಲೂ ಅವರ ಕಣ್ಣು ತೆರೆದಿಲ್ಲ. ಗುಂಡಿ ಒತ್ತುವುದಕ್ಕೂ ಅವರು ರೆಪ್ಪೆ ಮುಚ್ಚುವುದಕ್ಕೂ ಅದೆಂಥದೋ ಒಪ್ಪಂದ. ಈ ಸಲ, ಬೀಳ್ಕೊಡುಗೆಯ ಗ್ರೂಪ್ ಫೋಟೊ ತೆಗೆಯುವಾಗ, ಮಾವ ಉಪಾಯ ಹೂಡಿದರು. "ಇನ್ನೂ ರೀಲು ಹಾಕಿಲ್ಲ ಮೇಡಂ, ಆರಾಮಾಗಿರಿ" ಅನ್ನುತ್ತಲೇ ಗುಂಡಿ ಒತ್ತಿದರು. ಕಣ್ಣು ತೆರೆದೇ ಇತ್ತು ಎಂದು ಆಣೆ ಮಾಡಿ ಹೇಳಿದರು. ಆಮೇಲೆ ತೆಗೆದ ಹನ್ನೊಂದರಲ್ಲೂ ಮುಚ್ಚಿತ್ತು. ಹೆಡ್‌ಮಿಸ್ ಸಂಜೆಯ ರೈಲಿಗೆ ಮಗಳ ಊರಿಗೆ ಹೋಗುವವರು, ಇನ್ನು ಬರುವವರಲ್ಲ. ಫೋಟೊ ತೆಗೆದುಕೊಂಡೇ ಹೋಗುತ್ತೇನೆ ಎಂದು ನಮ್ಮ ಬೆಂಚಿನ ಮೇಲೆ ಕೂತರು.

"ಅಮ್ಮಾ, ಇದೇ ಕೊನೆ ಪರೀಕ್ಷೆ," ಅಂದ ನನ್ನ ಗಂಡ. ಅತ್ತೆ ಅವನ ಮುಖ ನೋಡಲಿಲ್ಲ. ರೀಲು ತೆಗೆದುಕೊಂಡು, "ಬಾ" ಎಂದು ನನ್ನನ್ನು ಕರೆದು ಒಳಗೆ ನಡೆದರು.

ನಾನು ಒಂದು ಯೋಚನೆ ಮಾಡಿಕೊಂಡಿದ್ದೆ. ಒಂಬತ್ತು ನಿಮಿಷಕ್ಕೆ ಸರಿಯಾಗಿ ಮನಸ್ಸಿನಲ್ಲೇ ಐನೂರ ನಲವತ್ತರವರೆಗೆ ಎಣಿಸುವುದು, ಅದಕ್ಕೆ ಮೊದಲು ಅತ್ತೆ ರೀಲು ಎತ್ತಲು ಹೊರಟರೆ ಹೇಗಾದರೂ ತಡೆಯುವುದು. ದೀಪ ಆರಿತು. ರೀಲು ದ್ರಾವಣದಲ್ಲಿ ಆಡತೊಡಗಿತು, ಬೈಗುಳವೂ ಶುರುವಾಯಿತು. ನೂರ ಎಂಬತ್ತರ ತನಕ ಸರಿಯಾಗಿ ಎಣಿಸಿದೆ. ಅಲ್ಲಿ ಅತ್ತೆ ಗೊರಕೆಯ ವಿಷಯ ಹೊಸದಾಗಿ ಸೇರಿಸಿ, ಅದನ್ನು ನಟಿಸಿಯೂ ತೋರಿಸಿದರು. ನಗು ತಡೆಯುವ ಭರದಲ್ಲಿ ಲೆಕ್ಕ ತಪ್ಪಿತು. ಆಮೇಲೆ ಎಷ್ಟಾಯಿತೋ ದೇವರಿಗೇ ಗೊತ್ತು. ಗೊರಕೆಯೂ ಮುಗಿಯಿತು. ಅತ್ತೆ ಒಮ್ಮೆ ನಿಟ್ಟುಸಿರು ಬಿಟ್ಟರು.

"ನಾನಾಗಿದ್ದಕ್ಕೆ—"

"ಇನ್ನು ಸ್ವಲ್ಪ ಇರಿ ಅತ್ತೆ," ಅಂದೆ.

"ಯಾಕೆ?"

ಏನು ಹೇಳಲಿ? ಆಗ ಬಾಗಿಲ ಹೊರಗಿಂದ ಮಾವನ ದನಿ ಬಂತು.

"ಲೇ, ನಲ್ಲಿ ವಿಷಯ ಬಿಟ್ಟೆಯಲ್ಲ."

ಒಳಗೆ ಅತ್ತೆಯ ಕೈ ಆಡುತ್ತಲೇ ಇತ್ತು.

"ನಲ್ಲಿ ರಿಪೇರಿ ಆಯ್ತಲ್ಲ," ಅಂದರು ಅತ್ತೆ.

"ಆಯ್ತು. ಆದ್ರೆ ಹನ್ನೆರಡು ವರ್ಷ ಸೋರಿತ್ತು," ಅಂದ ಮಾವ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ರೀ, ಆ ನಲ್ಲಿ ಕೆಳಗೆ ಇಟ್ಟ ಪಾತ್ರೆ ತುಂಬಿ ತುಂಬಿ ನನ್ನ ಆಯಸ್ಸು ಖಾಲಿಯಾಯ್ತು. ಪ್ಲಂಬರ್ ಏನು ಚಂದ್ರಲೋಕದಲ್ಲಿದಾನಾ? ಎರಡನೇ ತಿರುವಿನಲ್ಲಿದಾನೆ. ಕಾಲಿಲ್ವಾ ನಿಮಗೆ? ಬಾಯಿಲ್ವಾ?"

ಒಬ್ಬ ಗಂಡಸು ತನ್ನನ್ನೇ 'ರೀ' ಎಂದು ಕರೆದು ಬೈದುಕೊಳ್ಳುವುದನ್ನು ನಾನು ಅಂದೇ ಮೊದಲು ಕೇಳಿದ್ದು. ಮಾತು ಅತ್ತೆಯದೇ, ಏರಿಳಿತವೂ ಅತ್ತೆಯದೇ. ಅವರು ಉಸಿರು ತೆಗೆದುಕೊಳ್ಳುವ ಕಡೆ ಇವರೂ ತೆಗೆದುಕೊಂಡರು. ನಲ್ಲಿಯಿಂದ ಸ್ಕೂಟರಿಗೆ, ಸ್ಕೂಟರಿನಿಂದ ಟವೆಲಿಗೆ. ಕತ್ತಲಲ್ಲಿ ಅತ್ತೆಯ ಕೈಗಳು ಆ ಓಟಕ್ಕೆ ಸರಿಯಾಗಿ ಮೇಲೆ ಕೆಳಗೆ ಹೋಗುವುದು ದ್ರಾವಣದ ಸದ್ದಿನಲ್ಲೇ ತಿಳಿಯುತ್ತಿತ್ತು.

ಹೊರಗೆ ಬೆಂಚಿನ ಮೇಲಿದ್ದ ಹೆಡ್‌ಮಿಸ್ ಗಾಬರಿಯಾಗಿ, "ಯಜಮಾನರಿಗೆ ಏನಾಯ್ತು?" ಎಂದು ಕೇಳಿದ್ದು ಕೇಳಿಸಿತು.

"ಏನಿಲ್ಲ ಮೇಡಂ," ನನ್ನ ಗಂಡನ ದನಿ ಸೋತಿತ್ತು. "ಫೋಟೊ ಡೆವಲಪ್ ಮಾಡ್ತಿದಾರೆ."

"ನಿಮ್ಮಕ್ಕ ನನ್ನ ಕೆಂಪು ಸೂಟ್‌ಕೇಸ್ ತಗೊಂಡು ಹೋದೋರು—" ಅಂದರು ಮಾವ.

"ನೀಲಿ," ಅಂದರು ಅತ್ತೆ ಒಳಗಿಂದ.

"ನೀಲಿ ಸೂಟ್‌ಕೇಸ್ ತಗೊಂಡು ಹೋದೋರು ಇವತ್ತಿನ ತನಕ ತಂದುಕೊಟ್ರಾ? ನಾನಾಗಿದ್ದಕ್ಕೆ ಆಯ್ತು, ಬೇರೆಯೋರಾಗಿದ್ರೆ ಎಂದೋ ಸೂಟ್‌ಕೇಸ್ ಎತ್ಕೊಂಡು ಹೊರಟುಹೋಗಿರೋರು. ಆದ್ರೆ ಸೂಟ್‌ಕೇಸ್ ಎಲ್ಲಿದೆ?"

"ನಿಮ್ಮಕ್ಕನ ಮನೇಲಿದೆ," ಅಂದರು ಅತ್ತೆ, ರೀಲನ್ನು ಎತ್ತಿ ನೀರಿಗೆ ಬಿಟ್ಟರು.

ಹೈಪೋ ಆದ ಮೇಲೆ ದೀಪ ಹಾಕಿ ಹಿಡಿದು ನೋಡಿದರೆ, ಕಪ್ಪು ಕಪ್ಪಾಗಿ ಬಿಳಿ ಬಿಳಿಯಾಗಿ, ನೆಗೆಟಿವ್ ಅಂದರೆ ಹೀಗಿರಬೇಕು. ಅತ್ತೆ ಅದನ್ನು ಫ್ಯಾನಿನ ಕೆಳಗೆ ನೇತುಹಾಕಿದರು. ಗಂಟೆಯೊಳಗೆ ಪ್ರಿಂಟೂ ಆಯಿತು. ಹೆಡ್‌ಮಿಸ್ ಕಣ್ಣು ನಿಜಕ್ಕೂ ತೆರೆದಿತ್ತು. ಅಕ್ಕಪಕ್ಕದಲ್ಲಿ ಒಬ್ಬ ಟೀಚರ್ ಆಕಳಿಸುತ್ತಿದ್ದರು, ಗಣಿತದವರು ಬೆನ್ನು ಕೆರೆದುಕೊಳ್ಳುತ್ತಿದ್ದರು, ಗುಮಾಸ್ತ ಫ್ರೇಮಿನಿಂದ ಅರ್ಧ ಹೊರಗೆ ಹೋಗಿದ್ದ. ಹೆಡ್‌ಮಿಸ್ ಅದನ್ನು ಎದೆಗೆ ಒತ್ತಿಕೊಂಡು, "ಉಳಿದೋರು ಹೇಗಿದ್ರೇನು" ಎಂದು ಹೊರಟುಹೋದರು. ನನ್ನ ಗಂಡ ಜೆರಾಕ್ಸ್ ಮೆಷಿನ್ ಕೊಳ್ಳಲು ತರಿಸಿದ್ದ ಕಾಗದಗಳನ್ನು ನನ್ನೆದುರೇ ಹರಿದು ಹಾಕಿದ, ಅಷ್ಟು ಮಾನ ಅವನಿಗಿದೆ.

ಎಲ್ಲ ಮುಗಿದ ಮೇಲೆ ಅತ್ತೆ ಕೈ ಒರೆಸಿಕೊಳ್ಳುತ್ತ ಮಾವನ ಸ್ಟೂಲಿನ ಮುಂದೆ ಬಂದು ನಿಂತರು.

"ಅಂದ್ರೆ ನಿಮಗೆ ಎಲ್ಲಾ ಕೇಳಿಸ್ತಿತ್ತು."

"ಹೂಂ. ಒಂದಕ್ಷರ ಬಿಡದೆ." ಮಾವನ ಮುಖ ಅರಳಿತ್ತು. ಬಾಯಿ ತುಂಬ ಹೊಗಳಿಕೆ ಬರುತ್ತದೆ ಎಂದು ಕಾದಿದ್ದರು, ನಾನೂ ಕಾದಿದ್ದೆ.

"ನಲ್ಲಿ ವಿಷಯ, ಹನ್ನೆರಡು ವರ್ಷವೂ?"

ಎರಡನೇ "ಹೂಂ" ಸ್ವಲ್ಪ ಮೆತ್ತಗೆ ಬಂತು.

"ಪೇಪರ್ ಓದೋ ಜ್ಞಾನದಲ್ಲಿ ಇವರಿಗೆ ಏನೂ ಕೇಳ್ಸಲ್ಲ ಪಾಪ ಅಂತ ನಾನು ಎಷ್ಟು ವರ್ಷ ಕ್ಷಮಿಸಿದೀನಿ ಗೊತ್ತಾ? ಎಲ್ಲಾ ಕೇಳಿಸ್ಕೊಂಡು, ಬಾಯಿಪಾಠ ಮಾಡ್ಕೊಂಡು, ಸುಮ್ನೆ ಕೂತಿದ್ರಾ?"

ಅತ್ತೆ ಕೌಂಟರಿನ ಮೇಲಿದ್ದ ಇನ್ನೊಂದು ರೀಲನ್ನು ಕಿತ್ತುಕೊಂಡವರಂತೆ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದರು. ದನಿ ಆ ಕ್ಷಣವೇ ಎದ್ದಿತು. ನಾನು ಗಡಿಯಾರ ನೋಡಿದೆ. ಹಳೆಯದೊಂದೂ ಇಲ್ಲ, ಎಲ್ಲ ಹೊಸದು. ಮೂವತ್ತೆಂಟು ವರ್ಷದಲ್ಲಿ ಯಾವ ಯಾವ ದಿನ ಏನೇನು ಕೇಳಿಸಿಕೊಂಡೂ ಕೇಳಿಸದ ಹಾಗಿದ್ದರು ಎಂಬುದರ ವಿವರ. ಐದು ನಿಮಿಷ ದಾಟಿತು, ಏಳು ದಾಟಿತು. ದನಿ ಇಳಿಯುವ ಲಕ್ಷಣವೇ ಇರಲಿಲ್ಲ.

"ಎಷ್ಟಾಯ್ತು?" ಮಾವ ಪಿಸುಗುಟ್ಟಿದರು.

"ಒಂಬತ್ತು ಆಗ್ತಾ ಬಂತು ಮಾವ."

"ದಾಟಿದ್ರೆ ಕಪ್ಪಾಗುತ್ತಲ್ಲ." ಅವರು ಎದ್ದು ಬಾಗಿಲಿಗೆ ಬಾಯಿಟ್ಟು, "ಲೇ, ಸಾಕು, ಎತ್ತು" ಅಂದರು.

"ನೋಡಿದ್ಯಾ," ಅತ್ತೆ ಒಳಗಿಂದ ನನಗೆ ಹೇಳಿದರು, "ಈಗ ನಡುವೆ ಬಾಯಿ ಹಾಕೋದೂ ಕಲ್ತ್ರು."

ಆದರೆ ಎತ್ತಿದರು. ರೀಲು ನೀರಿಗೆ ಇಳಿದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಮಾವ ಉಸಿರು ಬಿಟ್ಟು ಸ್ಟೂಲಿನ ಮೇಲೆ ಕೂತು, ಮುಂದಿನ ರೀಲಿಗೆ ಕಿವಿ ತೆರೆದಿಟ್ಟುಕೊಂಡರು.